ಮ್ಯಾಗ್ನೆಟ್ ನಂಬಿ 304 ಸ್ಟೀಲ್ ತರಿಸಬೇಡಿ, ನಾನು ಕೆಟ್ಟಿದ್ದೇನೆ

ಚೀನಾದಿಂದ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್‌ನ ಒಂದು ಗ್ರೇಡ್) ಪೈಪ್ ಫಿಟ್ಟಿಂಗ್ಸ್ ತರಿಸುವ ಪರ್ಚೇಸ್‌ನವರು ದಯವಿಟ್ಟು ಓದಿ. ಹದಿನಾಲ್ಕು ವರ್ಷದಿಂದ ಇದೇ ಕೆಲಸ ನನ್ನದು. ಆದರೂ ಮೋಸ ಹೋಗಿದ್ದು ಗೊತ್ತಾಗಿದ್ದು ಗುಜರಿಯವನಿಂದ. ಬರೆಯೋಕೇ ನಾಚಿಕೆ.

ನಮ್ಮದು ಪೀಣ್ಯದಲ್ಲಿ ಡೇರಿ ಯಂತ್ರ ಮಾಡುವ ಸಣ್ಣ ಕಂಪನಿ. ಚೀನಾದ ವೆಂಜೌ ಕಡೆಯ ಒಬ್ಬ ಸಪ್ಲೈಯರ್ ಹಳಬರಿಗಿಂತ 11 ಪರ್ಸೆಂಟ್ ಕಡಿಮೆ ಕೋಟ್ ಮಾಡಿದ. ಸ್ಯಾಂಪಲ್ ಲ್ಯಾಬ್‌ಗೆ ಕೊಟ್ಟೆವು. ಪಕ್ಕಾ 304. ಮಾಮೂಲಿನಂತೆ 30 ಪರ್ಸೆಂಟ್ ಅಡ್ವಾನ್ಸ್, ಉಳಿದ 70 ಬಿಎಲ್ (ಮಾಲು ಹಡಗಿಗೆ ಹತ್ತಿದ್ದಕ್ಕೆ ಕೊಡುವ ರಸೀದಿ) ಕಾಪಿ ಬಂದ ಮೇಲೆ. ಒಟ್ಟು 8,400 ಡಾಲರ್. ರೇಟ್ ಇಳಿಸಿದ್ದಕ್ಕೆ ಎಂಡಿ ಮೀಟಿಂಗ್‌ನಲ್ಲಿ ನನ್ನ ಹೆಸರೆತ್ತಿ ಹೊಗಳಿದ್ದರು. ಈಗ ಅದೇ ಚುಚ್ಚುತ್ತಿದೆ.

ಮಾಲು ಬಂತು. ಗುಣಮಟ್ಟ ನೋಡುವ ಕ್ಯೂಸಿ ಹುಡುಗ ಮ್ಯಾಗ್ನೆಟ್ ಹಿಡಿದ, ಅಂಟಲಿಲ್ಲ, ಓಕೆ ಅಂದ. ಸರ್ಟಿಫಿಕೇಟೂ ಇತ್ತು. ಫೈಲಿಗೆ ಹಾಕಿದೆ.

ಮಳೆಗಾಲದಲ್ಲಿ ಉಡುಪಿ ಕಡೆಯ ಗ್ರಾಹಕರು ಫೋಟೋ ಕಳಿಸಿದರು. ಕ್ಲಾಂಪ್ ತುಂಬಾ ಕಂದು ಚುಕ್ಕೆ. ಸಪ್ಲೈಯರ್‌ಗೆ ವೀಚಾಟ್‌ನಲ್ಲಿ ಹಾಕಿದೆ. 'ಡಿಯರ್ ಫ್ರೆಂಡ್, ನಿಮ್ಮ ಗ್ರಾಹಕರ ನೀರಿನಲ್ಲಿ ಕ್ಲೋರಿನ್ ಜಾಸ್ತಿ' ಅಂದ. ಕ್ಲೋರಿನ್ ಜಾಸ್ತಿಯಾದರೆ ನಿಜವಾದ 304 ಕೂಡ ತುಕ್ಕು ಹಿಡಿಯುತ್ತದೆ, ಅದು ಸುಳ್ಳಲ್ಲ. ಅದಕ್ಕೇ ನಂಬಿದೆ. ನಂಬಿದ್ದಷ್ಟೇ ಅಲ್ಲ, ಗ್ರಾಹಕರಿಗೂ ನಿಮ್ಮ ನೀರೇ ಸರಿ ಇಲ್ಲ ಅಂದುಬಿಟ್ಟೆ. ಅವರು ಒಂದೂ ಮಾತಾಡದೆ ಮಾಲು ವಾಪಸ್ ಕಳಿಸಿದರು.

ಆ ಮಾಲನ್ನು ಗುಜರಿಗೆ ಹಾಕಲು ಹೋದೆ. ಅವನು ಒಂದು ಪೀಸ್ ಉಜ್ಜಿ, ಎರಡು ಹನಿ ಏನೋ ದ್ರಾವಣ ಬಿಟ್ಟು, ಸಣ್ಣ ಬ್ಯಾಟರಿ ತಾಗಿಸಿದ. ಹನಿ ಕೆಂಪಾಯಿತು.

'304 ಅಲ್ಲ ಸಾರ್. 202 ಸ್ಟೀಲ್ ರೇಟ್ ಕೊಡ್ತೀನಿ ಬೇಕಾದ್ರೆ.'

ನಾನು ರೇಗಿದೆ. ಮ್ಯಾಗ್ನೆಟ್ ಅಂಟಲ್ಲ ನೋಡಪ್ಪಾ ಅಂದೆ. ಅವನು ನಕ್ಕ. '304ಕ್ಕೂ ಅಂಟಲ್ಲ, 202ಕ್ಕೂ ಅಂಟಲ್ಲ ಸಾರ್. ನೀವು ಕಂಪನಿಯವರು, ನಿಮಗೆ ಗೊತ್ತಿಲ್ವಾ?'

ಅವತ್ತೇ ಲ್ಯಾಬ್‌ಗೆ ಓಡಿದೆ. ನಿಕಲ್ 4.1 ಪರ್ಸೆಂಟ್. 304ರಲ್ಲಿ ಕಡಿಮೆ ಅಂದರೂ 8 ಇರಬೇಕು. ಮ್ಯಾಂಗನೀಸ್ 6ರ ಮೇಲೆ. ಅಂದರೆ 201, ಆ 202ರ ಜಾತಿಯದೇ ಇನ್ನೊಂದು ಅಗ್ಗದ ಗ್ರೇಡ್. ನಿಕಲ್ ದುಬಾರಿ, ಅದನ್ನು ಇಳಿಸಿ ಮ್ಯಾಂಗನೀಸ್ ತುಂಬಿದ್ದಾರೆ. ಹೊಳಪು ಅದೇ, ತೂಕವೂ ಹೆಚ್ಚುಕಮ್ಮಿ ಅದೇ. ಆಮೇಲೆ ಫೈಲ್ ತೆಗೆದು ಸರ್ಟಿಫಿಕೇಟ್ ನೋಡಿದೆ. ಎಲ್ಬೋ, ಫೆರೂಲ್, ಕ್ಲಾಂಪ್, ಮೂರಕ್ಕೂ ಒಂದೇ ಹೀಟ್ ನಂಬರ್ (ಒಂದು ಸಲ ಕರಗಿಸಿದ ಸ್ಟೀಲ್‌ಗೆ ಕೊಡುವ ನಂಬರ್)! ಪೈಪ್‌ನಿಂದ ಮಾಡಿದ್ದಕ್ಕೂ ಎರಕ ಹೊಯ್ದಿದ್ದಕ್ಕೂ ಒಂದೇ ಹೀಟ್ ಹೇಗ್ರೀ ಆಗುತ್ತೆ? ಆರು ತಿಂಗಳು ಅದು ನನ್ನ ಕಪಾಟಿನಲ್ಲೇ ಇತ್ತು.

ಸಪ್ಲೈಯರ್‌ಗೆ ಲ್ಯಾಬ್ ರಿಪೋರ್ಟ್ ಕಳಿಸಿದೆ. ಮೊದಲು 'ನಿಮ್ಮ ಲ್ಯಾಬ್ ತಪ್ಪು.' ಎರಡು ದಿನ ಬಿಟ್ಟು 'ಫ್ಯಾಕ್ಟರಿಯವರ ತಪ್ಪು.' ಹಾಗಾದರೆ ಇಷ್ಟು ದಿನ ನೀನೇ ಫ್ಯಾಕ್ಟರಿ ಅಂದಿದ್ದು? ವಿಡಿಯೋ ಕಾಲ್‌ನಲ್ಲಿ ಮೆಷಿನ್ ತೋರಿಸಿದ್ದು ಯಾರದ್ದು? ಅದಕ್ಕೆ ಉತ್ತರವಿಲ್ಲ. ಕೊನೆಗೆ ಬಂದಿದ್ದು: 'ಡಿಯರ್, ಆ ಬೆಲೆಗೆ ಎಲ್ಲರೂ ಇದನ್ನೇ ಕೊಡುವುದು. ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ.' ದುಡ್ಡು ಹೋಗಿದ್ದಕ್ಕಿಂತ ಆ ಒಂದು ಸಾಲು ಜಾಸ್ತಿ ಉರಿಸಿತು.

ವಾಪಸ್ ಕೊಟ್ಟಿದ್ದು ಒಂದು ಪೈಸೆಯೂ ಇಲ್ಲ. ವೆಂಜೌನಲ್ಲಿ ಕೇಸ್ ಹಾಕೋಕೆ ನಮ್ಮಂಥವರ ಕೈಲಿ ಆಗುತ್ತಾ?

ಸ್ಯಾಂಪಲ್ ಪಾಸಾಯಿತು ಅಂತ ಲಾಟ್ ನಂಬಬೇಡಿ. ಹಡಗು ಹತ್ತುವ ಮೊದಲೇ ಹೊರಗಿನ ಇನ್‌ಸ್ಪೆಕ್ಷನ್‌ನವರನ್ನು ಕಳಿಸಿ, ಪಿಎಂಐ ಗನ್ (ಲೋಹದಲ್ಲಿ ಏನೇನು ಎಷ್ಟಿದೆ ಅಂತ ತೋರಿಸುವ ಕೈಯಂತ್ರ) ಹಿಡಿಸಿ, ಆಮೇಲೆ 70 ಕೊಡಿ. ನನಗೆ ಅವರು ದಿನಕ್ಕೆ 300 ಡಾಲರ್ ಕೋಟ್ ಮಾಡಿದ್ದರು. ದಂಡ ಅಂತ ಬೇಡ ಅಂದವನು ನಾನೇ. ಪಿಐನಲ್ಲಿ (ಆರ್ಡರ್‌ಗೆ ಮುಂಚೆ ಸಪ್ಲೈಯರ್ ಕಳಿಸುವ ಪ್ರೊಫಾರ್ಮಾ ಇನ್‌ವಾಯ್ಸ್) ಬರೀ 'ಎಸ್‌ಎಸ್ 304' ಅಂತ ಬಿಡಬೇಡಿ, ಗ್ರೇಡ್ ಬೇರೆ ಬಂದರೆ ಏನು ಅಂತಲೂ ಬರೆಸಿ. ಮತ್ತೆ ಆ ಹನಿ ಟೆಸ್ಟ್ ಕಿಟ್ ಇವತ್ತೇ ತರಿಸಿ ಇಟ್ಟುಕೊಳ್ಳಿ.

ಮೊನ್ನೆ ಅದೇ ವೀಚಾಟ್‌ನಿಂದ ಮೆಸೇಜ್. 'ಡಿಯರ್ ಫ್ರೆಂಡ್, ಚೈನೀಸ್ ನ್ಯೂ ಇಯರ್ ರಜೆಗೆ ಮುಂಚೆ ಆರ್ಡರ್ ಹಾಕಿದರೆ ಹಳೇ ರೇಟೇ.'