ಮಂಡಿ ಆಪರೇಷನ್ ಬೇಕಾ, ಬೇಡ್ವಾ? ಮುಲುಂಡ್‌ನ ಒಂದು ಸೆಕೆಂಡ್ ಒಪಿನಿಯನ್ ಕ್ಲಿನಿಕ್

ಮನೆಯಲ್ಲಿ ಹಿರಿಯರ ಮಂಡಿ ಆಪರೇಷನ್ ಬಗ್ಗೆ ತೀರ್ಮಾನ ಮಾಡಲಾಗದೆ ಒದ್ದಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಂಬೈನ ಮುಲುಂಡ್ ಪಶ್ಚಿಮದಲ್ಲಿ ಒಬ್ಬ ಹಿರಿಯ ಮೂಳೆ ವೈದ್ಯರು ಸೆಕೆಂಡ್ ಒಪಿನಿಯನ್‌ಗೆಂದೇ, ಅಂದರೆ ಬೇರೆ ವೈದ್ಯರು ಹೇಳಿದ್ದರ ಮೇಲೆ ಎರಡನೇ ಅಭಿಪ್ರಾಯ ಕೊಡುವುದಕ್ಕೆಂದೇ, ಸಮಯ ಇಟ್ಟುಕೊಂಡಿದ್ದಾರೆ. ಆಪರೇಷನ್ ಮಾಡುವುದನ್ನು ಅವರು ಬಿಟ್ಟಾಗಿದೆ. ನಾವು ಅಲ್ಲಿಗೆ ಹೋಗಿದ್ದೇ ಆ ಕಾರಣಕ್ಕೆ. ನಾವು ಮಾಡಿಸಿದರೂ ಬಿಟ್ಟರೂ ಅವರಿಗೆ ಬರುವ ದುಡ್ಡು ಅಷ್ಟೇ. ವೈದ್ಯರು ಜಾಹೀರಾತು ಮಾಡಬಾರದು ಎಂಬ ನಿಯಮ ಇರುವುದರಿಂದ ಹೆಸರು ಹಾಕುತ್ತಿಲ್ಲ.

ನನ್ನ ಅತ್ತೆಗೆ 71 ವರ್ಷ. ಕುಂದಾಪುರದವರು, ಮದುವೆಯಾಗಿ ಬಂದಾಗಿನಿಂದ ಡೊಂಬಿವಲಿ. ಸಕ್ಕರೆ ಕಾಯಿಲೆ ಇದೆ. ಎಡ ಮಂಡಿ ನೋವು ಹಳೆಯದು, ಈಚೆಗೆ ಬಲದ್ದೂ ಶುರುವಾಗಿತ್ತು. ಮನೆ ಹತ್ತಿರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ, ಎರಡೂ ಸವೆದಿದೆ, ಒಟ್ಟಿಗೇ ಬದಲಾಯಿಸಿಬಿಡಿ ಎಂದರು. ವೈದ್ಯರ ಮಾತು ಐದು ನಿಮಿಷಕ್ಕೆ ಮುಗಿಯಿತು. ಆಮೇಲೆ ಪ್ಯಾಕೇಜ್ ವಿವರಿಸಲು ಬೇರೆಯವರು ಬಂದು ಕೂತರು. ತಿಂಗಳ ಕೊನೆಯೊಳಗೆ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿಯಂತೆ. ನನಗೆ ಸಿಟ್ಟು ಬಂದಿದ್ದು ಅಲ್ಲಿ. ಸೀರೆ ಅಂಗಡಿಯ ಆಷಾಢ ಸೇಲ್ ತರಹ ಮಂಡಿಗೂ ಕೊನೆ ದಿನಾಂಕ ಯಾಕೆ?

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಮ್ಮನೆಯವರು, ಹೇಗಿದ್ದರೂ ಮಾಡಿಸಬೇಕು, ಒಂದೇ ಸಲ ಮುಗಿಸೋಣ ಎಂದರು. ಬೆಂಗಳೂರಿನ ಭಾವ, ಈ ವಯಸ್ಸಲ್ಲಿ ಸುಮ್ನೆ ಯಾಕೆ ಕೊಯ್ಯಿಸೋದು ಎಂದರು. ಮಣಿಪಾಲದಲ್ಲಿ ಮಾಡಿಸಿಕೊಂಡು ಆರಾಮಾಗಿರುವ ಚಿಕ್ಕಮ್ಮ ಫೋನಿನಲ್ಲಿ ಧೈರ್ಯ ಹೇಳಿದರು. ಅತ್ತೆ ಮಾತ್ರ, ನೀವೆಲ್ಲ ಹೇಳಿದ ಹಾಗೆ ಎನ್ನುತ್ತಿದ್ದರು. ಅದು ಒಪ್ಪಿಗೆ ಅಲ್ಲ ಅಂತ ನನಗೆ ಗೊತ್ತಿತ್ತು.

ಮುಲುಂಡ್‌ನ ವೈದ್ಯರು ಮೊದಲು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ಇದನ್ನು ಮಲಗಿಸಿ ತೆಗೆದಿದ್ದಾ ಎಂದು ಕೇಳಿದರು. ಹೌದು. ಹಾಗಾದರೆ ನಿಂತುಕೊಂಡು ಇನ್ನೊಂದು ತೆಗೆಸಿಕೊಂಡು ಬನ್ನಿ, ಮೈಯ ಭಾರ ಬಿದ್ದಾಗ ಕೀಲಿನ ಸಂದು ಎಷ್ಟು ಉಳಿದಿದೆ ಅನ್ನೋದು ಅದರಲ್ಲೇ ಸರಿಯಾಗಿ ಕಾಣೋದು ಎಂದರು. ಕೆಳಗೇ ಲ್ಯಾಬ್ ಇತ್ತು. ಹೊಸ ಫಿಲ್ಮ್ ಬಂದ ಮೇಲೆ ನಮಗೂ ಬೆರಳಿಟ್ಟು ತೋರಿಸಿದರು. ಎಡ ಮಂಡಿಯ ಒಳಬದಿಯಲ್ಲಿ ಮೂಳೆಗೆ ಮೂಳೆ ತಾಗಿದೆ. ಬಲದಲ್ಲಿ ಇನ್ನೂ ಸಂದು ಇದೆ. ಸವೆತವನ್ನು 0ಯಿಂದ 4ರವರೆಗೆ ಗ್ರೇಡ್ ಮಾಡುತ್ತಾರೆ. ಎಡ 4, ಬಲ 2. ಎರಡೂ ಹೋಗಿದೆ ಎಂದು ನಂಬಿ ಕೂತಿದ್ದವರಿಗೆ ಇದೇ ದೊಡ್ಡ ಸುದ್ದಿ.

ಆಮೇಲೆ ಫಿಲ್ಮ್ ಪಕ್ಕಕ್ಕಿಟ್ಟು ಅತ್ತೆಯ ಕಡೆ ತಿರುಗಿದರು. ಪೂರ್ತಿ ಮರಾಠಿಯಲ್ಲಿ, ಅತ್ತೆಗೆ ಅದು ನೀರು ಕುಡಿದಷ್ಟು ಸಲೀಸು. ಕಾಕು, ರಾತ್ರಿ ನೋವಿಗೆ ಎಚ್ಚರ ಆಗುತ್ತಾ? ಎಷ್ಟು ದೂರ ನಡೆದರೆ ನಿಲ್ಲಬೇಕು ಅನಿಸುತ್ತೆ? ನೋವಿನಿಂದಾಗಿ ಬಿಟ್ಟುಬಿಟ್ಟ ಕೆಲಸ ಯಾವುದು, ಅದರಲ್ಲಿ ವಾಪಸ್ ಬೇಕು ಅನ್ನೋದು ಯಾವುದು?

ನಮ್ಮನೆಯವರು ಉತ್ತರ ಕೊಡಲು ಬಾಯಿ ತೆರೆದರು. ವೈದ್ಯರು ಕೈ ಎತ್ತಿ ತಡೆದರು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: ಸ್ಟೇಷನ್ ಸೇತುವೆ ಹತ್ತಿ ಮಾಟುಂಗಾಕ್ಕೆ ಹೋಗಬೇಕು, ತಂಗಿಯ ಮನೆಗೆ. ದೇವರ ಮುಂದೆ ಕೆಳಗೆ ಕೂತುಕೊಳ್ಳಬೇಕು. ಕೆಳಗೆ ಮೆಟ್ಟುಕತ್ತಿಯ ಮೇಲೆ ಕೂತು ನಾನೇ ಕಾಯಿ ತುರಿಯಬೇಕು.

ಇಲ್ಲಿ ವೈದ್ಯರು ಏನನ್ನೂ ಮುಚ್ಚಿಡಲಿಲ್ಲ. ಆಪರೇಷನ್ ಆದರೆ ಮೊದಲನೆಯದು ಸಿಗುವ ಸಾಧ್ಯತೆ ಚೆನ್ನಾಗಿದೆ, ಉಳಿದೆರಡು ಕಷ್ಟ ಎಂದರು. ಕೃತಕ ಮಂಡಿ ಹಾಕಿಸಿಕೊಂಡವರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಕೂರಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ ಎಂದೇ ಸಾಮಾನ್ಯವಾಗಿ ಹೇಳುವುದು. ಹಾಕಿದ್ದು ಬಾಳಿಕೆ ಬರುತ್ತೆ: 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಪೂರ್ತಿ ಮಂಡಿ ಬದಲಿಸಿದ್ದರಲ್ಲಿ 100ಕ್ಕೆ ಸುಮಾರು 82 ಕೀಲುಗಳು 25 ವರ್ಷ ನಡೆಯುತ್ತವೆ. ಹಾಗಂತ ಎಲ್ಲರಿಗೂ ಸಮಾಧಾನ ಆಗಲ್ಲ, ಸುಮಾರು ಐದರಲ್ಲಿ ಒಬ್ಬರು, ಅಂದುಕೊಂಡಷ್ಟು ಸುಖ ಸಿಗಲಿಲ್ಲ ಎನ್ನುತ್ತಾರೆ. ಅತ್ತೆಗೆ ಸಕ್ಕರೆ ಇರುವುದರಿಂದ ಎರಡೂ ಕಾಲು ಒಟ್ಟಿಗೆ ಬೇಡವೇ ಬೇಡ ಎಂದರು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.9 ಇತ್ತು. ಅದು ಇಳಿಯದೆ ಚಾಕು ಹಾಕಿಸಿದರೆ ಸೋಂಕಿನ ಭಯ ಜಾಸ್ತಿ.

ನಮ್ಮ ಎಲ್ಲ ಗಡಿಬಿಡಿಯನ್ನು ಇಳಿಸಿದ್ದು ಅವರು ಹೇಳಿದ ಇನ್ನೊಂದು ಮಾತು. ಇದು ಕ್ಯಾನ್ಸರ್ ಅಲ್ಲ, ಹಾರ್ಟ್ ಅಟ್ಯಾಕ್ ಅಲ್ಲ, ಮೂರು ತಿಂಗಳು ಕಾದರೆ ಜೀವಕ್ಕೇನೂ ಆಗಲ್ಲ. ಅಷ್ಟರಲ್ಲಿ ಮಾಡಬೇಕಾದ್ದು ಇದೆ. ಮಂಡಿ ಕೆಳಗೆ ಸುತ್ತಿದ ಟವಲ್ ಇಟ್ಟು ಒತ್ತುವುದು, ಕಾಲು ನೇರ ಎತ್ತಿ ಹಿಡಿಯುವುದು, ತೂಕ ಇಳಿಸುವುದು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ.

ಹೊರಡುವಾಗ ಅತ್ತೆ ಕೋಲು ಹಿಡಿದಿದ್ದನ್ನು ನೋಡಿ ನಿಲ್ಲಿಸಿದರು. ನೋವಿರುವ ಎಡಗಾಲಿನ ಕಡೆಗೇ ಹಿಡಿದಿದ್ದರು. ಕೋಲನ್ನು ತೆಗೆದು ಬಲಗೈಗೆ ಕೊಟ್ಟರು. ಎಡಗಾಲು ಮುಂದೆ ಇಡುವಾಗ ಕೋಲೂ ಮುಂದೆ ಬರಲಿ ಎಂದು ಕ್ಲಿನಿಕ್‌ನ ಓಣಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿದರು. ಒಂದೆರಡು ಸುತ್ತಿಗೇ ಅತ್ತೆಯ ವಾಲಾಟ ಕಡಿಮೆಯಾಯಿತು. ಇದನ್ನು ಹೇಳಿಕೊಡುವುದಕ್ಕೆ ಯಾವ ಪ್ಯಾಕೇಜ್ ಬೇಕು ಹೇಳಿ!

ದುಡ್ಡಿನ ವಿಷಯದಲ್ಲೂ ಒಂದು ತಿಳಿವಳಿಕೆ ಸಿಕ್ಕಿತು. ಮಂಡಿಗೆ ಹಾಕುವ ಇಂಪ್ಲಾಂಟ್‌ಗಳ ಬೆಲೆಗೆ 2017ರ ಆಗಸ್ಟ್‌ನಲ್ಲಿ ಸರ್ಕಾರ ಮಿತಿ ಹಾಕಿತು. ಜಾಸ್ತಿ ಬಳಸುವ ಕೋಬಾಲ್ಟ್ ಕ್ರೋಮಿಯಂನದಕ್ಕೆ ಆಗ 54,720 ರೂಪಾಯಿ, ಜಿಎಸ್‌ಟಿ ಬೇರೆ. ಹಾಗಾಗಿ ಲಕ್ಷಗಳ ಪ್ಯಾಕೇಜ್ ಹೇಳಿದರೆ ಇಂಪ್ಲಾಂಟ್‌ಗೆ ಎಷ್ಟು, ರೂಮಿಗೆ ಎಷ್ಟು, ಸರ್ಜನ್‌ಗೆ ಎಷ್ಟು, ಫಿಸಿಯೋಗೆ ಎಷ್ಟು ಎಂದು ಬಿಡಿಸಿ ಬರೆಸಿಕೊಳ್ಳಿ ಎಂದರು. ಹಾಗೆ ಕೇಳಬಹುದು ಅನ್ನೋದೇ ನಮಗೆ ಹೊಳೆದಿರಲಿಲ್ಲ.

ಕೊರತೆಯೂ ಇದೆ. ಕ್ಲಿನಿಕ್ ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮಂಡಿ ನೋವಿನವರೇ ಬರುವ ಜಾಗಕ್ಕೆ ಇದು ಸರಿಯಲ್ಲ, ಅವರಿಗೂ ಹೇಳಿ ಬಂದೆ. ಕೊಟ್ಟ ಸಮಯಕ್ಕಿಂತ ಒಂದು ಗಂಟೆ ತಡವಾಗಿ ಕರೆದರು. ಒಳಗೆ ಹೋದವರಿಗೆ ಅಷ್ಟು ಸಮಯ ಕೊಟ್ಟರೆ ಹೊರಗಿನವರು ಕಾಯಲೇಬೇಕು, ಅಲ್ವಾ? ಆದರೂ ಕುರ್ಚಿಗಳು ತುಂಬ ಕೆಳಗಿವೆ, ಎದ್ದೇಳಲು ಅತ್ತೆಗೆ ನನ್ನ ಕೈ ಬೇಕಾಯಿತು. ಫೀಸು 1,500. ಮುಕ್ಕಾಲು ಗಂಟೆ ಕೂತು ಮಾತಾಡಿದ್ದಕ್ಕೆ, ಕೊನೆಗೆ ಎಲ್ಲವನ್ನೂ ಕೈಯಾರೆ ಬರೆದುಕೊಟ್ಟಿದ್ದಕ್ಕೆ ಇದು ಜಾಸ್ತಿ ಅನಿಸಲಿಲ್ಲ. ಆ ಹಾಳೆಯ ಫೋಟೋ ಭಾವನಿಗೆ ಕಳಿಸಿದ ಮೇಲೆ ಫೋನಿನ ಜಗಳಗಳು ನಿಂತವು.

ತೀರ್ಮಾನ ಅತ್ತೆಯದೇ. ದೀಪಾವಳಿ ಆದ ಮೇಲೆ ಎಡ ಮಂಡಿ ಮಾತ್ರ. ಬಲ ಮಂಡಿಗೆ ವ್ಯಾಯಾಮ. ದೇವರ ಮಂಟಪವನ್ನು ಮೇಜಿನ ಮೇಲೆ ಏರಿಸಲು ಬಡಗಿಗೆ ಹೇಳಿಯಾಗಿದೆ. ಮೆಟ್ಟುಕತ್ತಿ ಬಿಡೋದು ಬೇಜಾರು, ಆದರೆ ತಂಗಿ ಮನೆಗೆ ಹೋಗೋದು ಅದಕ್ಕಿಂತ ಮುಖ್ಯ ಎಂದು ಅವರೇ ತೂಗಿ ನೋಡಿ ಹೇಳಿದರು. ಯಾರೂ ಎದುರಾಡಲಿಲ್ಲ.

ಇಂಥ ಕ್ಲಿನಿಕ್‌ಗೆ ಹೋಗುವವರು ಎಕ್ಸ್‌ರೇಯ ಮೂಲ ಫಿಲ್ಮ್ ಒಯ್ಯಿರಿ, ಮೊಬೈಲ್ ಫೋಟೋದಲ್ಲಿ ಸಂದು ಸರಿಯಾಗಿ ಕಾಣಲ್ಲ. ಈಗ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಬರೆದುಕೊಳ್ಳಿ. ನೋವಿರುವವರನ್ನು ಮನೆಯಲ್ಲಿ ಬಿಟ್ಟು ರಿಪೋರ್ಟ್ ಮಾತ್ರ ಹಿಡಿದು ಹೋದರೆ ಈ ವೈದ್ಯರು ನೋಡುವುದೇ ಇಲ್ಲ, ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ.