ಕರಡು ತಿದ್ದಲು ಲ್ಯಾಪ್‌ಟಾಪೋ, ಕಾಗದವೋ, ಫೋನೋ?

ಕಾದಂಬರಿಯ ಕರಡು ತಿದ್ದಲು ನನಗೆ ಕಾಗದವೇ ಬೇಕು. ಒಂದೇ ಹಸ್ತಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿ, ಪ್ರಿಂಟ್ ಹಾಕಿಸಿ, ಫೋನಿನಿಂದ ಓದಿಸಿ, ಹೀಗೆ ಮೂರು ಬಗೆಯಲ್ಲೂ ತಿದ್ದಿ ನೋಡಿದ್ದೇನೆ. ಮೊದಲ ಸಲ ದುಡ್ಡು ಉಳಿಸಲು ಹೋಗಿ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲೇ ಮುಗಿಸಿ ಪ್ರಕಾಶಕರೊಬ್ಬರಿಗೆ ಕಳಿಸಿದೆ. ಮೂರನೇ ಪುಟಕ್ಕೇ ನಿಲ್ಲಿಸಿ ವಾಪಸ್ ಕಳಿಸಿದರು.

ಆದದ್ದು ಇಷ್ಟು. ಕತೆಯಲ್ಲಿ ಗಜಾನನ, ಗಣಪತಿ ಎಂಬ ಅಣ್ಣ ತಮ್ಮ. ಎರಡೂ ‘ಗ’, ಎರಡೂ ಒಂದೇ ದೇವರ ಹೆಸರು. ಓದಿದವರಿಗೆಲ್ಲ ಯಾರು ಯಾರೆಂದು ತಪ್ಪುತ್ತಿತ್ತು. ತಮ್ಮನನ್ನು ಮಂಜುನಾಥ ಮಾಡೋಣವೆಂದು ಒಮ್ಮೆಲೇ ಎಲ್ಲ ಕಡೆ ಬದಲಿಸುವ ಗುಂಡಿ ಒತ್ತಿದೆ. 312 ಕಡೆ ಬದಲಾಯಿತು.

ನಮ್ಮ ಭಾಷೆಯಲ್ಲಿ ಹೆಸರಿನ ಕೊನೆಯ ಸ್ವರ ನೋಡಿಕೊಂಡು ವಿಭಕ್ತಿ ಕೂರುತ್ತದೆ. ಗಣಪತಿಗೆ, ಗಣಪತಿಯ, ಆದರೆ ಮಂಜುನಾಥನಿಗೆ, ಮಂಜುನಾಥನ. ಲ್ಯಾಪ್‌ಟಾಪಿಗೆ ಅದೆಲ್ಲಿ ಗೊತ್ತು? ‘ಮಂಜುನಾಥಗೆ ಜ್ವರ’, ‘ಮಂಜುನಾಥಯ ಹೆಂಡತಿ’ ಎಂದು ಪುಟಪುಟದಲ್ಲೂ ಬಂತು. ಚೌತಿಯ ದಿನ ಮನೆಗೆ ತಂದ ಮಣ್ಣಿನ ಗಣಪತಿಯೂ ‘ಮಂಜುನಾಥ’ ಆಗಿಹೋದ. ಒಂದೇ ಒಂದು ಕಡೆ ಹಳೇ ಹೆಸರು ಉಳಿಯಿತು: ಆಯಿ ಅಂಗಳದಲ್ಲಿ ನಿಂತು ‘ಗಣಪತೀ’ ಎಂದು ಕೂಗುವಲ್ಲಿ. ‘ತಿ’ ದೀರ್ಘವಾಗಿದ್ದರಿಂದ ಹುಡುಕಾಟಕ್ಕೆ ಸಿಕ್ಕಿರಲಿಲ್ಲ. ಸತ್ತ ಮಗನನ್ನು ಆಯಿ ಕರೆಯುವ ಜಾಗ ಅದು, ನನ್ನ ಕತೆಯ ಜೀವ. ಅಲ್ಲಿ ಬೇರೆ ಹೆಸರಿದ್ದರೆ ಓದುವವರು ಯಾರಿಗಾಗಿ ಅಳಬೇಕು?

ಒಂದೊಂದಾಗಿ ಸರಿಮಾಡಲು ನಾಲ್ಕು ದಿನ ಹೋಯಿತು. ಹೆಸರು ಬದಲಿಸಲೇಬೇಕಿದ್ದರೆ ಅದೇ ಸ್ವರದಲ್ಲಿ ಮುಗಿಯುವುದನ್ನು ಆರಿಸಿ. ಮಾರುತಿ ಅಂದಿದ್ದರೆ ವಿಭಕ್ತಿಯಾದರೂ ಕೆಡುತ್ತಿರಲಿಲ್ಲ. ಹಳೇ ಅಧ್ಯಾಯ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಅಕ್ಷರದಲ್ಲಿದ್ದು, ಈಗ ಎಲ್ಲ ಕಡೆ ನಡೆಯುವ ಯುನಿಕೋಡಿಗೆ ಬದಲಿಸಿದ್ದರೆ ಅರ್ಕಾವೊತ್ತುಗಳನ್ನೂ ನೋಡಿಕೊಳ್ಳಿ, ಬದಲಿಸುವಾಗ ಅವು ಕೆಡುವುದುಂಟು.

ಕಾಗದದ ಲೆಕ್ಕ: ಸಿರ್ಸಿಯ ಝೆರಾಕ್ಸ್ ಅಂಗಡಿಯಲ್ಲಿ 236 ಪುಟ, ಒಂದೇ ಮಗ್ಗುಲು, ಪುಟಕ್ಕೆ 2 ರೂಪಾಯಿ. ಸ್ಪೈರಲ್ ಬೈಂಡಿಂಗ್ ಸೇರಿ 522. ಎಡಗಡೆಯ ಖಾಲಿ ಪುಟ ಹೊಸ ಸಾಲು ಬರೆಯಲು ಆಯಿತು. ಪರದೆಯ ಮೇಲೆ ನಾಲ್ಕು ಸಲ ಓದಿದರೂ ಕಾಣದ್ದು ಇಲ್ಲಿ ಕಂಡಿತು. 1986ರ ಅಧ್ಯಾಯದಲ್ಲಿ ಗಜಾನನ ಕಾರವಾರದಿಂದ ಕುಮಟೆಗೆ ರೈಲಿನಲ್ಲಿ ಬರುತ್ತಾನೆ! ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. 1986ರಲ್ಲಿ ಹಳಿ ಹಾಸುವ ಕೆಲಸವೂ ಶುರುವಾಗಿರಲಿಲ್ಲ. ಅವನನ್ನು ಬಸ್ಸಿಗೆ ಹತ್ತಿಸಿದೆ. 41ನೇ ಪುಟದಲ್ಲಿ ಮಾರಿಕಾಂಬಾ ಜಾತ್ರೆಯಲ್ಲಿ ಹುಡುಗಿಯನ್ನು ಕಂಡವನು 58ರಲ್ಲಿ ‘ಮರುವರ್ಷದ ಜಾತ್ರೆಗೆ’ ಅವಳನ್ನು ಮದುವೆಯಾಗಿ ಕರೆತರುತ್ತಾನೆ. ನಮ್ಮ ಸಿರ್ಸಿಯ ಈ ಜಾತ್ರೆ ಎರಡು ವರ್ಷಕ್ಕೊಮ್ಮೆ. ಈ ಊರಲ್ಲೇ ಬೆಳೆದ ನಾನು ಹೀಗೆ ಬರೆದಿದ್ದೆ, ಎರಡೂ ಪುಟದಲ್ಲಿ ಬೆರಳಿಟ್ಟು ಹಿಂದೆ ಮುಂದೆ ತಿರುವಿದಾಗಲೇ ಹೊಳೆದದ್ದು.

ಮಳೆಗಾಲದಲ್ಲಿ ಕಾಗದ ಮೆತ್ತಗಾಗಿ ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಕೆಂಪು ಬಾಲ್ ಪೆನ್ನೇ ಸೈ. ಕರೆಂಟು ಹೋದರೆ ಜಗಲಿಯ ಬೆಳಕು ಸಾಕು. ತಿದ್ದಿದ್ದನ್ನೆಲ್ಲ ಮತ್ತೆ ಟೈಪ್ ಮಾಡಲು ಆರು ದಿನ ಹಿಡಿಯಿತು, ಅದು ನಿಜ.

ಫೋನು ಓದುವುದನ್ನು ಕೇಳುವುದು ಪುನರುಕ್ತಿ ಹಿಡಿಯಲು ಒಳ್ಳೆಯದು. ಒಂದೇ ಪ್ಯಾರಾದಲ್ಲಿ ಐದು ಸಲ ‘ಆಗ’ ಬಂದದ್ದು ಕಿವಿಗೆ ಬಡಿಯಿತು. ಆದರೆ ‘ಯಂಗೆ ಗೊತ್ತಿಲ್ಲೆ’ ಎಂಬ ನಮ್ಮ ಹವ್ಯಕ ಮಾತನ್ನು ಅದು ವಾರ್ತೆಯ ಹಾಗೆ ಓದುತ್ತದೆ. ಸಂಭಾಷಣೆಯನ್ನು ನಾನೇ ಬಾಯಿಬಿಟ್ಟು ಓದಿಕೊಳ್ಳುತ್ತೇನೆ.

ಒಂದು ಪುಸ್ತಕಕ್ಕೆ ಎರಡು ಸಲ ಪ್ರಿಂಟ್ ಹಾಕಿಸುವಷ್ಟು ದುಡ್ಡು ನನ್ನಲ್ಲಿಲ್ಲ. ಅದಕ್ಕೇ ಹೆಸರು, ಅಧ್ಯಾಯಗಳ ಕ್ರಮ ಲ್ಯಾಪ್‌ಟಾಪಿನಲ್ಲಿ ನಿಕ್ಕಿಯಾದ ಮೇಲೆಯೇ ಝೆರಾಕ್ಸ್ ಅಂಗಡಿಗೆ ಹೋಗುವುದು. ಮುಂದಿನ ಕಾದಂಬರಿಯ ಪ್ರಿಂಟ್ ಅಡಿಕೆ ಕೊಯ್ಲು ಮುಗಿದ ಮೇಲೆ, ಕಾಗದ ಗರಿಗರಿಯಾಗಿರುವ ದಿನಗಳಲ್ಲಿ.