ಸಯನ್‌ನ ಶಿಕ್ಷಕರ ಸಲಹಾ ಕೇಂದ್ರ: ಸಂಬಳದ ಚೀಟಿಯಿಂದ ಶಾಲಾ ನ್ಯಾಯಾಧಿಕರಣದವರೆಗೆ

ಮುಂಬೈಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಪಾಠ ಹೇಳುವವರು ದಿನವಿಡೀ ಕನ್ನಡದಲ್ಲಿ ಕೆಲಸ ಮಾಡಿದರೂ ಅವರ ಸೇವೆಗೆ ಸಂಬಂಧಿಸಿದ ಕಾಗದಗಳೆಲ್ಲ ಇರುವುದು ಮರಾಠಿಯಲ್ಲಿ. ಸಂಬಳದ ಬಿಲ್ಲು ಸರಕಾರದ ‘ಶಾಲಾರ್ಥ’ ಆನ್‌ಲೈನ್ ವ್ಯವಸ್ಥೆಯಲ್ಲಿ ತಯಾರಾಗಿ ವೇತನ ಪಥಕಕ್ಕೆ (ಸಂಬಳ ಬಿಡುಗಡೆ ಮಾಡುವ ಸರಕಾರಿ ಘಟಕಕ್ಕೆ) ಹೋಗುತ್ತದೆ, ನಿಯಮಗಳು ಶಾಸನ ನಿರ್ಣಯಗಳ (ಸರಕಾರಿ ಆದೇಶಗಳ) ರೂಪದಲ್ಲಿ ಬರುತ್ತವೆ, ಸೇವಾ ಪುಸ್ತಕ ಶಾಲೆಯ ಕಚೇರಿಯ ಕಪಾಟಿನಲ್ಲಿರುತ್ತದೆ. ಹೀಗಾಗಿ ತನಗೆ ಬರಬೇಕಾದದ್ದು ಎಷ್ಟು, ಬಂದದ್ದು ಎಷ್ಟು ಎಂಬುದನ್ನು ತಿಳಿಯಲು ಬಹಳಷ್ಟು ಶಿಕ್ಷಕರು ಕಚೇರಿಯ ಗುಮಾಸ್ತರ ಮಾತನ್ನೇ ನಂಬಿಕೊಂಡಿದ್ದಾರೆ. ಈ ಅವಲಂಬನೆಯನ್ನು ತಪ್ಪಿಸಬೇಕೆಂಬ ಉದ್ದೇಶದಿಂದ ಸಯನ್ ಪೂರ್ವದಲ್ಲಿ ಕೆಲವು ನಿವೃತ್ತರು ಸೇರಿ ಭಾನುವಾರ ಬೆಳಿಗ್ಗೆ ಉಚಿತವಾಗಿ ನಡೆಸುತ್ತಿರುವ ಸಲಹಾ ಕೇಂದ್ರದ ಪ್ರಯೋಜನವನ್ನು ನಾನು ಪಡೆದಿದ್ದೇನೆ, ಸಹೋದ್ಯೋಗಿಗಳನ್ನೂ ಕರೆದುಕೊಂಡು ಹೋಗಿದ್ದೇನೆ. ಅನುದಾನಿತ ಶಾಲೆಯವರಿಗೆ ಇದಕ್ಕಿಂತ ಉಪಯುಕ್ತವಾದ ಸೇವೆಯನ್ನು ಈ ಊರಿನಲ್ಲಿ ನಾನು ಕಂಡಿಲ್ಲ. ವಿನಾ-ಅನುದಾನಿತ (ಸರಕಾರದ ಅನುದಾನವಿಲ್ಲದ) ಶಾಲೆಯವರ ವಿಷಯದಲ್ಲಿ ಮಾತ್ರ ನನಗೆ ಅಸಮಾಧಾನವಿದ್ದು, ಅದನ್ನು ಮುಂದೆ ಹೇಳುತ್ತೇನೆ.

ಕೇಂದ್ರಕ್ಕೆ ಹೆಸರಿನ ಫಲಕವಿಲ್ಲ. ಹಳೆಯ ಕಟ್ಟಡವೊಂದರ ಎರಡನೆಯ ಮಾಳಿಗೆಯ ಕೋಣೆಯಲ್ಲಿ ಎರಡು ಮೇಜು, ಒಂದು ಕಪಾಟಿನ ತುಂಬ ವರ್ಷವಾರು ಜೋಡಿಸಿಟ್ಟ ಶಾಸನ ನಿರ್ಣಯಗಳ ಕಡತಗಳು, ಗೋಡೆಯ ಪಕ್ಕ ಕಾಯುವವರಿಗಾಗಿ ಬೆಂಚು, ಇಷ್ಟೇ. ಒಂದು ಮೇಜಿನಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು, ಇನ್ನೊಂದರಲ್ಲಿ ಶಾಲಾ ಕಚೇರಿಯಲ್ಲಿ ಜೀವಮಾನವನ್ನೇ ಕಳೆದ ನಿವೃತ್ತ ಹೆಡ್ ಕ್ಲಾರ್ಕ್ ಒಬ್ಬರು ಕುಳಿತುಕೊಳ್ಳುತ್ತಾರೆ. ಸೇವಾ ಪ್ರಕರಣಗಳನ್ನು ನಡೆಸುವ ವಕೀಲೆಯೊಬ್ಬರು ಬಿಡುವಾದಾಗ ಬರುತ್ತಾರೆ. ಮೂವರೂ ಕನ್ನಡದಲ್ಲಿ ವಿವರಿಸಿ, ಬೇಕಾದ ಅರ್ಜಿಯನ್ನು ಮರಾಠಿಯಲ್ಲಿ ಬರೆಸಿಕೊಡುತ್ತಾರೆ. ಯಾರೇ ಬಂದರೂ ಮೊದಲ ಪ್ರಶ್ನೆ ಒಂದೇ: “ನಿಮ್ಮದು ಪಾಲಿಕೆಯ ಶಾಲೆಯೋ, ಅನುದಾನಿತವೋ, ವಿನಾ-ಅನುದಾನಿತವೋ?” ಈ ಪ್ರಶ್ನೆ ಬಹಳ ಮುಖ್ಯವಾದದ್ದು. ಬೃಹನ್ಮುಂಬಯಿ ಮಹಾನಗರಪಾಲಿಕೆ ನಡೆಸುವ ಕನ್ನಡ ಶಾಲೆಗಳ ಶಿಕ್ಷಕರಿಗೆ ಪಾಲಿಕೆಯ ಸೇವಾ ನಿಯಮಗಳು ಅನ್ವಯಿಸುತ್ತವೆ. ಖಾಸಗಿ ಆಡಳಿತ ಮಂಡಳಿಗಳ ಶಾಲೆಗಳಿಗೆ 1977ರ ಮಹಾರಾಷ್ಟ್ರ ಖಾಸಗಿ ಶಾಲಾ ನೌಕರರ ಸೇವಾ ಷರತ್ತುಗಳ ಕಾಯ್ದೆಯೂ 1981ರ ನಿಯಮಾವಳಿಯೂ ಅನ್ವಯಿಸುತ್ತವೆ. ಒಬ್ಬರಿಗೆ ಸರಿಯಾದ ಉತ್ತರ ಇನ್ನೊಬ್ಬರನ್ನು ದಾರಿ ತಪ್ಪಿಸಬಹುದು. ಸ್ಟಾಫ್ ರೂಮಿನ ಗೊಂದಲಗಳಲ್ಲಿ ಅರ್ಧದಷ್ಟು ಹುಟ್ಟುವುದು ಇಲ್ಲಿಯೇ.

ನನ್ನ ಸಂಬಳದ ಚೀಟಿಯನ್ನು ಅವರು ಓದಿಸಿದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೆಡ್ ಕ್ಲಾರ್ಕ್ ಸರ್ ಚೀಟಿಯನ್ನು ತಾವು ಓದಲಿಲ್ಲ. ಪೆನ್ಸಿಲನ್ನು ನನ್ನ ಕೈಗೆ ಕೊಟ್ಟು, “ಟೀಚರ್, ಮೂಲ ವೇತನದಿಂದ ಶುರು ಮಾಡಿ, ಒಂದೊಂದೇ ಸಾಲು ಹೇಳಿ” ಎಂದರು. ಮೂಲ ವೇತನ ಏಳನೆಯ ವೇತನ ಆಯೋಗದ ಕೋಷ್ಟಕದ ಯಾವ ಮನೆಯಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು, ಅದರ ಮೇಲೆ ಆ ತಿಂಗಳಿನ ತುಟ್ಟಿಭತ್ಯೆಯನ್ನು ನಾವೇ ಲೆಕ್ಕ ಹಾಕಬೇಕು. ಮನೆ ಬಾಡಿಗೆ ಭತ್ಯೆ ಮುಂಬೈಯಲ್ಲಿ ಶೇ. 24ರಿಂದ ಆರಂಭವಾಗಿ, ತುಟ್ಟಿಭತ್ಯೆ ಶೇ. 25 ದಾಟಿದಾಗ ಶೇ. 27, ಶೇ. 50 ದಾಟಿದಾಗ ಶೇ. 30 ಆಗುವ ಬಗೆಯನ್ನು ಅವರು ಕಡತ ತೆರೆದು ತೋರಿಸಿದರು. ಕಡಿತಗಳ ಕಡೆಗೆ ಬಂದಾಗ ವೃತ್ತಿ ತೆರಿಗೆ ಪ್ರತಿ ತಿಂಗಳು 200 ರೂಪಾಯಿ ಇದ್ದು ಫೆಬ್ರವರಿಯಲ್ಲಿ ಮಾತ್ರ 300 ಏಕೆ ಎಂಬ, ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಕೇಳಿಬರುವ ಪ್ರಶ್ನೆಗೂ ಉತ್ತರ ಸಿಕ್ಕಿತು: ವರ್ಷದ ಮೊತ್ತ 2,500 ರೂಪಾಯಿ ಆಗಬೇಕಾದುದರಿಂದ ಕೊನೆಯ ನೂರು ರೂಪಾಯಿ ಫೆಬ್ರವರಿಯ ಪಾಲಿಗೆ ಬರುತ್ತದೆ. ಇದು ಚಿಕ್ಕ ವಿಷಯವೇ ಹೌದು. ಆದರೆ ಚೀಟಿಯ ಪ್ರತಿಯೊಂದು ಅಂಕಿಗೂ ಒಂದು ಕಾರಣವಿರುತ್ತದೆ, ಆ ಕಾರಣವನ್ನು ಕೇಳುವ ಹಕ್ಕು ತನಗಿದೆ ಎಂಬ ಧೈರ್ಯ ಶಿಕ್ಷಕರಿಗೆ ಬರುವುದು ಇಂಥ ಚಿಕ್ಕ ಉತ್ತರಗಳಿಂದಲೇ. ಆಯೋಗದ ಬಾಕಿ ಕಂತುಗಳು ಒಟ್ಟಿಗೆ ಜಮೆಯಾದ ವರ್ಷ ತೆರಿಗೆ ಹೆಚ್ಚಾಗಿ ಹೋಗಿದ್ದವರಿಗೆ, 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 89ರ ಪರಿಹಾರ ಪಡೆಯಲು ರಿಟರ್ನ್‌ಗೆ ಮೊದಲು ಫಾರ್ಮ್ 10ಇ ಸಲ್ಲಿಸಬೇಕಿತ್ತು ಎಂಬುದನ್ನೂ ಇಲ್ಲಿ ಲೆಕ್ಕ ಸಹಿತ ತಿಳಿಸುತ್ತಾರೆ.

ಸೇವಾ ಪುಸ್ತಕದ ಬಗೆಗೆ ಅವರ ಕಟ್ಟುನಿಟ್ಟು ಇನ್ನೂ ಹೆಚ್ಚು. ಪುಸ್ತಕದ ಪೂರ್ತಿ ಜೆರಾಕ್ಸ್ ಪ್ರತಿ ಇಲ್ಲದೆ ಬಂದವರನ್ನು ವಿನಯದಿಂದಲೇ ಹಿಂದೆ ಕಳುಹಿಸುತ್ತಾರೆ. ನನ್ನ ಜೊತೆ ಬಂದ ಸಹೋದ್ಯೋಗಿಯ ಪುಸ್ತಕದ ಮೇಲೆ ಅಳತೆಪಟ್ಟಿ ಇಟ್ಟು ವರ್ಷವಾರು ಕೆಳಗೆ ಸರಿಸುತ್ತ ಹೋದಾಗ, ಒಂದು ವರ್ಷದ ಸೇವೆಯ ಪಡತಾಳಣೆಯ (ಪರಿಶೀಲನೆಯ) ಸಹಿಯೇ ಇರಲಿಲ್ಲ. ಅವಳು ವರಿಷ್ಠ ವೇತನಶ್ರೇಣಿಗೆ ಅರ್ಹಳಾಗಿಯೂ ಪ್ರಸ್ತಾವ ಮತ್ತೆ ಮತ್ತೆ ಆಕ್ಷೇಪದೊಂದಿಗೆ ಹಿಂದಿರುಗುತ್ತಿದ್ದುದು ಇದೇ ಕಾರಣಕ್ಕೆ, ಆದರೆ ಶಾಲೆಯ ಕಚೇರಿಯಲ್ಲಿ ಯಾರೂ ಅದನ್ನು ಅವಳಿಗೆ ಹೇಳಿರಲಿಲ್ಲ. ಮಹಾರಾಷ್ಟ್ರದಲ್ಲಿ 12 ವರ್ಷಗಳ ಅರ್ಹ ಸೇವೆಗೆ ವರಿಷ್ಠ ಶ್ರೇಣಿ, 24 ವರ್ಷಗಳಿಗೆ ನಿವಡ (ಆಯ್ಕೆ) ಶ್ರೇಣಿ ಸಿಗುತ್ತದೆ. ಆದರೆ ಎರಡಕ್ಕೂ ನಿಗದಿತ ತರಬೇತಿ ಬೇಕು, ನಿವಡ ಶ್ರೇಣಿಗೆ ಸಂಖ್ಯೆಯ ಮಿತಿಯೂ ಇದೆ. ವರ್ಷ ತುಂಬಿದ ಮಾತ್ರಕ್ಕೆ ಅದು ತಾನಾಗಿಯೇ ಬರುವುದಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲಿಯೇ ಸ್ಪಷ್ಟಪಡಿಸುತ್ತಾರೆ.

ಪಿಂಚಣಿಯ ಪ್ರಶ್ನೆ 2005ರ ನವೆಂಬರ್ 1ರ ಸುತ್ತ ತಿರುಗುತ್ತದೆ. ಅದಕ್ಕಿಂತ ಮೊದಲು ನೇಮಕವಾದವರಿಗೆ ಹಳೆಯ ಪಿಂಚಣಿ, ನಂತರದವರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10ರ ವಂತಿಗೆ ಕೊಟ್ಟು ಕಟ್ಟಿಕೊಳ್ಳುವ ಪಿಂಚಣಿ. ಆ ದಿನಾಂಕಕ್ಕೆ ಮೊದಲೇ ನೇಮಕವಾಗಿದ್ದರೂ ಶಾಲೆಗೆ ಆಗ ಪೂರ್ಣ ಅನುದಾನ ಇರಲಿಲ್ಲವೆಂಬ ಕಾರಣಕ್ಕೆ ಅತಂತ್ರರಾದವರ ಸಂಕಟವನ್ನು ಅವರು ತಾಳ್ಮೆಯಿಂದ ಕೇಳುತ್ತಾರೆ, ಸುಳ್ಳು ಭರವಸೆ ಕೊಡುವುದಿಲ್ಲ. ಇದು ನನಗೆ ಬಹಳ ಮೆಚ್ಚಿಗೆಯಾದ ಗುಣ.

ಬೆಂಚಿನ ಮೇಲೆ ಕಾಯುವವರಲ್ಲಿ ಹೆಚ್ಚಿನವರು ಬರುವುದು ‘ಅತಿರಿಕ್ತ’ರಾಗುವ (ಹುದ್ದೆಗಳಿಗಿಂತ ಹೆಚ್ಚಿನವರೆಂದು ಎಣಿಸಲ್ಪಡುವ) ಭಯದಿಂದ. ಕನ್ನಡ ಮಾಧ್ಯಮಕ್ಕೆ ಮಕ್ಕಳು ಕಡಿಮೆಯಾಗುತ್ತಿರುವಾಗ, ಮಕ್ಕಳ ಸಂಖ್ಯೆಯ ಮೇಲೆ ಹುದ್ದೆಗಳನ್ನು ನಿಗದಿಪಡಿಸುವ ಸಂಚ ಮಾನ್ಯತೆ ಪ್ರತಿ ವರ್ಷವೂ ಒಂದು ಪರೀಕ್ಷೆಯಾಗಿದೆ. ತರಗತಿ ಮುಚ್ಚಿದ ದಿನವೇ ತನ್ನ ನೌಕರಿಯೂ ಮುಗಿಯಿತೆಂದು ಅಳುತ್ತ ಬಂದ ತರುಣ ಶಿಕ್ಷಕರೊಬ್ಬರಿಗೆ ಮುಖ್ಯೋಪಾಧ್ಯಾಯರು 1981ರ ನಿಯಮಾವಳಿಯ 26ನೆಯ ನಿಯಮವನ್ನು ಓದಿ ಅರ್ಥ ಹೇಳಿದ್ದನ್ನು ನಾನು ಪಕ್ಕದಲ್ಲಿಯೇ ಕುಳಿತು ಕೇಳಿದೆ. ಖಾಯಂ ನೌಕರನನ್ನು ಹುದ್ದೆ ಕಡಿತದ ಕಾರಣಕ್ಕೆ ತೆಗೆಯಬೇಕಾದರೂ ಮೂರು ತಿಂಗಳ ನೋಟಿಸು ಬೇಕು, ಶಿಕ್ಷಣ ಇಲಾಖೆಯ ಪೂರ್ವಾನುಮತಿ ಬೇಕು, ಸೇವಾ ಜ್ಯೇಷ್ಠತೆಯನ್ನು ಪಾಲಿಸಬೇಕು. ಆದ್ದರಿಂದ ಜ್ಯೇಷ್ಠತಾ ಪಟ್ಟಿಯಲ್ಲಿ ತನ್ನ ಸ್ಥಾನ ಸರಿಯಾಗಿದೆಯೇ ಎಂದು ಪ್ರತಿ ವರ್ಷ ನೋಡಿ, ತಪ್ಪಿದ್ದರೆ ಆಗಲೇ ಲಿಖಿತ ಆಕ್ಷೇಪ ಸಲ್ಲಿಸಬೇಕು. “ಪಟ್ಟಿಗೆ ಕಣ್ಣು ಮುಚ್ಚಿ ಸಹಿ ಹಾಕಬೇಡಪ್ಪಾ” ಎಂದು ಅವರು ಹೇಳಿದಾಗ ಆ ಹುಡುಗ ತನ್ನ ಶಾಲೆಯ ಪಟ್ಟಿಯನ್ನು ಇದುವರೆಗೆ ನೋಡಿಯೇ ಇಲ್ಲವೆಂದು ತಿಳಿಯಿತು.

ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ವಿಷಯದಲ್ಲಿಯೂ ಅವರ ವಿವರಣೆ ನಿಖರವಾಗಿತ್ತು. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಸೇವಾನಿರತ ಶಿಕ್ಷಕರು ಎರಡು ವರ್ಷಗಳೊಳಗೆ ಟಿಇಟಿ ಪಾಸಾಗಬೇಕೆಂದು ಹೇಳಿತು. ಐದಕ್ಕಿಂತ ಕಡಿಮೆ ಉಳಿದಿರುವವರು ಮುಂದುವರಿಯಬಹುದು, ಆದರೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಅದೇ ತೀರ್ಪು ದೊಡ್ಡ ಪೀಠದ ಪರಿಶೀಲನೆಗೆ ಬಿಟ್ಟಿತು. ಭಾಷಾ ಅಲ್ಪಸಂಖ್ಯಾತ ಮಾನ್ಯತೆಯುಳ್ಳ ಕನ್ನಡ ಸಂಸ್ಥೆಯ ಶಿಕ್ಷಕರಿಗೂ ಪಾಲಿಕೆಯ ಕನ್ನಡ ಶಾಲೆಯ ಶಿಕ್ಷಕರಿಗೂ ಇರುವ ಈ ವ್ಯತ್ಯಾಸವನ್ನು ನಮಗೆ ಬೇರೆ ಯಾರೂ ಬಿಡಿಸಿ ಹೇಳಿರಲಿಲ್ಲ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂಬ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 27ರ ಪ್ರತಿಯೂ ಅಲ್ಲಿ ಸಿಗುತ್ತದೆ.

ಖಾಯಂ ಆಗುವ ಮೊದಲು ಶಿಕ್ಷಣ ಸೇವಕರಾಗಿ ಮೂರು ವರ್ಷ ದುಡಿಯುವ ಹೊಸಬರಿಗೆ, 2023ರಲ್ಲಿ ಪರಿಷ್ಕೃತವಾದ ಮಾನಧನ (ತಿಂಗಳ ಗೌರವಧನ) ಪ್ರಾಥಮಿಕಕ್ಕೆ 16,000, ಮಾಧ್ಯಮಿಕಕ್ಕೆ 18,000 ರೂಪಾಯಿ ಎಂಬುದು ಗೊತ್ತಿರುತ್ತದೆ, ಆದರೆ ರಾಜೀನಾಮೆಯ ನಿಯಮ ಗೊತ್ತಿರುವುದಿಲ್ಲ. 1977ರ ಕಾಯ್ದೆಯ ಕಲಂ 7ರಂತೆ ರಾಜೀನಾಮೆ ಪತ್ರ ಎರಡು ಪ್ರತಿಗಳಲ್ಲಿದ್ದು ಎರಡಕ್ಕೂ ಸಹಿ ಮತ್ತು ತಾರೀಖು ಇರಬೇಕು, ಒಂದು ಪ್ರತಿ ನೌಕರನ ಬಳಿಯೇ ಉಳಿಯಬೇಕು. ತಾರೀಖಿಲ್ಲದ ಪತ್ರಕ್ಕೆ ಸಹಿ ಕೇಳುವವರ ಮುಂದೆ ಇದೊಂದು ತಿಳಿವಳಿಕೆ ಎಷ್ಟು ದೊಡ್ಡ ರಕ್ಷಣೆಯೆಂಬುದನ್ನು ವಕೀಲೆ ಮೇಡಂ ಪ್ರತಿಯೊಬ್ಬ ಹೊಸ ಶಿಕ್ಷಕರಿಗೂ ಹೇಳುತ್ತಾರೆ. ಕೆಲಸದಿಂದ ತೆಗೆದರೆ ಆದೇಶ ಕೈಸೇರಿದ 30 ದಿನಗಳೊಳಗೆ ಶಾಲಾ ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಬೇಕು. ಆಡಳಿತ ಮಂಡಳಿಯೊಡನೆ ಸಂಧಾನದ ಮಾತುಕತೆಯಲ್ಲಿಯೇ ಆ ಅವಧಿಯನ್ನು ಕಳೆದುಕೊಂಡವರನ್ನು ನಾನು ಬಲ್ಲೆ.

ಇನ್ನು ಕೊರತೆಗಳು. ವಿನಾ-ಅನುದಾನಿತ ಶಾಲೆಯ ಶಿಕ್ಷಕಿಯೊಬ್ಬರು ಗ್ರಾಚ್ಯುಟಿಯ (ಸೇವೆ ಮುಗಿದಾಗ ಸಿಗುವ ಇಡಿಗಂಟಿನ) ಬಗ್ಗೆ ಕೇಳಿದಾಗ, “ಅದು ನಿಮ್ಮ ಮ್ಯಾನೇಜ್‌ಮೆಂಟಿನ ವಿಷಯ” ಎಂಬಷ್ಟೇ ಉತ್ತರ ಸಿಕ್ಕಿತು. ಇದು ಸಾಲದು. ಶಿಕ್ಷಕರನ್ನು ಗ್ರಾಚ್ಯುಟಿ ಕಾಯ್ದೆಯ ವ್ಯಾಪ್ತಿಗೆ 1997ರ ಏಪ್ರಿಲ್ 3ರಿಂದಲೇ ತಂದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಎತ್ತಿಹಿಡಿದಿದೆ. ಕೊನೆಯ ಸಂಬಳ 26,000 ರೂಪಾಯಿ ಇದ್ದು 20 ವರ್ಷ ದುಡಿದವರಿಗೆ, ವರ್ಷಕ್ಕೆ 15 ದಿನಗಳ ವೇತನದಂತೆ, ತಿಂಗಳನ್ನು 26 ದಿನವೆಂದು ಹಿಡಿದು ಲೆಕ್ಕ ಹಾಕಿದರೆ 3 ಲಕ್ಷ ರೂಪಾಯಿ ಬರುತ್ತದೆ. ಪಿಂಚಣಿಯೇ ಇಲ್ಲದವರಿಗೆ ಇದು ವೃದ್ಧಾಪ್ಯದ ಮುಖ್ಯ ಆಧಾರ. ಅನುದಾನಿತರಿಗಾಗಿ ಇಷ್ಟು ಶ್ರಮಿಸುವವರು ಅತ್ಯಂತ ದುರ್ಬಲರಾದ ಈ ಶಿಕ್ಷಕರಿಗಾಗಿ ಒಂದು ಕಡತವನ್ನಾದರೂ ತೆರೆಯಬೇಕು.

ಹೆರಿಗೆ ರಜೆ, ಕಿರುಕುಳದ ದೂರು ಮುಂತಾದವನ್ನು ಎಲ್ಲರೂ ಕುಳಿತಿರುವ ಕೋಣೆಯಲ್ಲಿ ಹೇಳಿಕೊಳ್ಳಲು ಮಹಿಳೆಯರಿಗೆ ಸಂಕೋಚವಾಗುತ್ತದೆ. ವಕೀಲೆ ಮೇಡಂ ಬರುವ ದಿನಗಳನ್ನು ಮುಂಚಿತವಾಗಿ ತಿಳಿಸಿದರೆ ಒಳ್ಳೆಯದು. ಸಲಹೆಯನ್ನು ಬರಹದಲ್ಲಿ ಕೊಡುವ ಪದ್ಧತಿ ಇಲ್ಲದ್ದರಿಂದ ನೋಟುಪುಸ್ತಕ ಒಯ್ಯುವುದು ಅಗತ್ಯ. ಲಿಫ್ಟ್ ಇಲ್ಲ, ಮಂಡಿನೋವಿರುವ ನಿವೃತ್ತರಿಗೆ ಮೆಟ್ಟಿಲು ಕಷ್ಟ.

ಹೋಗುವವರು ಹತ್ತು ಗಂಟೆಗೆ ಮೊದಲೇ ತಲುಪುವುದು ಲೇಸು, ಹನ್ನೊಂದರ ನಂತರ ಸರದಿ ಬರುವುದು ಕಷ್ಟ. ನೇಮಕಾತಿ ಆದೇಶ, ನೇಮಕಕ್ಕೆ ಇಲಾಖೆಯ ಮಾನ್ಯತಾ ಪತ್ರ, ಸೇವಾ ಪುಸ್ತಕದ ಪ್ರತಿ, ಹಿಂದಿನ ಒಂದು ವರ್ಷದ ಸಂಬಳದ ಚೀಟಿಗಳು ಜೊತೆಗಿರಲಿ. ಸೇವಾ ಪುಸ್ತಕದ ಪ್ರತಿಯನ್ನು ಶಾಲೆ ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯ ನಮೂನೆಯನ್ನು ಹೆಡ್ ಕ್ಲಾರ್ಕ್ ಸರ್ ಅಲ್ಲಿಯೇ ಬರೆಸಿಕೊಡುತ್ತಾರೆ. ಆ ಅರ್ಜಿಗೆ 30 ದಿನಗಳೊಳಗೆ ಉತ್ತರ ಬರಬೇಕು.